ಮಮದಾಪುರದ ಸುಂದ್ರವ್ವನ ಶೇರಾ

ಕಲ್ಲೋಳಿ
ತಾ. 12-8-1937, ಗುರುವಾರ

ಚಿ. ಸೌ. ಶಿವಗಂಗವ್ವನಿಗೆ ತಾಯಿ ಕಾಶೆವ್ವ ಬರೆಯುವುದು. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಅಳಿಯಂದಿರ ಕ್ಷೇಮಕ್ಕೆ ಬರೆ.

ನಿನ್ನ ಕಾಗದ ಮುಟ್ಟಿತು. ಎರಡು ವರ್ಷದ ಮೇಲೆ ಬರೆದೆ, ಅದೂ ನಿನ್ನ ತಂಗಿ ಅಕ್ಕವ್ವನ ಲಗ್ನ ಮುರಿಯುವ ಹೊತ್ತಿಗೆ. ಗೋಕಾಕದ ಧಬಧಬೆ ಜಲಪಾತದ ಎದುರು ನೀವು ಅಂಗಡಿ ಇಟ್ಟು, ನೋಡಲು ಬರುವ ಸಾಹೇಬರಿಗೆ ಬ್ರೆಡ್ಡಿನ ನಡುವೆ ಮಾಂಸ ಇಟ್ಟು ಮಾರತೊಡಗಿದ ದಿನವೇ ಹೇಳಿದ್ದೆ, ಅದು ಮುಚ್ಚುವವರೆಗೆ ನಿಮ್ಮ ಹೊಸ್ತಿಲು ತುಳಿಯುವುದಿಲ್ಲವೆಂದು. ನನ್ನ ಮಾತು ಒಂದೇ. ಮಾಂಸದ ಕಡೆ ಗೋವೆಯ ಅಡುಗೆಯವನು ನೋಡುತ್ತಾನೆ, ನಾನು ಬೆಣ್ಣೆ, ಶೇಂಗಾ ಚಟ್ನಿಯ ಬ್ರೆಡ್ಡು ಮಾತ್ರ ಮಾಡುತ್ತೇನೆ ಎಂದು ನೀನು ನನಗೆ ಬರೆದರೆ ಹುಕ್ಕೇರಿಯ ಬೀಗರು ಒಪ್ಪಬೇಕಲ್ಲ?

ಅಕ್ಕವ್ವನ ಮಾವನಾಗಬೇಕಾದ ಉದ್ದಪ್ಪನವರು ಸೋಮವಾರ ಮನೆಗೆ ಬಂದಿದ್ದರು. ಅದಕ್ಕೂ ಮೊದಲು ನಿಮ್ಮ ಅಂಗಡಿಗೆ ಹೋಗಿ, ಗಿರಾಕಿಗಳು ತಮ್ಮ ಅಭಿಪ್ರಾಯ ಬರೆದಿಡುವ ಆ ಶೇರಾ ವಹಿಯನ್ನು ಪೂರಾ ಓದಿಸಿಕೊಂಡಿದ್ದರು. ಹಂದಿಯ ಮಾಂಸ ಕಾಗದದಷ್ಟು ತೆಳ್ಳಗಿದೆ, ವಿಲಾಯತಿ ನೆನಪಾಯಿತು ಎಂದು ಒಬ್ಬ ಸಾಹೇಬ ಬರೆದಿದ್ದಾನಂತೆ. ನಾಲಗೆಯ ಮಾಂಸಕ್ಕೆ ಉಪ್ಪು ಹೆಚ್ಚು, ಸಾಸಿವೆ ಸಾಲದು ಎಂದು ಬೆಳಗಾವಿಯ ಒಬ್ಬ ವಕೀಲ. ಇದನ್ನೆಲ್ಲ ಅವರು ನನ್ನ ಪಡಸಾಲೆಯಲ್ಲಿ, ಶ್ರಾವಣ ಸೋಮವಾರ, ಹೇಳಿದರು. ಒಳಗೆ ಅಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಆಮೇಲೆ ಅಂದರು: "ಅವ್ವಾರ, ಸಾಹೇಬನ ಹೊಗಳಿಕಿ ನಮಗ ಬ್ಯಾಡ. ಮಮದಾಪುರದ ಸುಂದ್ರವ್ವ ಅಂತ ಒಬ್ಬಾಕಿ ಬರದಾಳ. ಎರಡೂ ಕಡಿ ಹೆಚ್ಚೂ ಮಣಿ ಬ್ಯಾರೆ, ಚಾಕು ಬ್ಯಾರೆ, ನೀರಿನ ಕೊಡ ಬ್ಯಾರೆ, ಕಣ್ಣಾರೆ ನೋಡೇನಿ ಅಂತ. ಆಕಿ ತಿಂದ ತಾಟ ತೊಳದು ನೀರ ಕುಡದಳಂತ, ಅಂಗಡಿ ಆಳ ಹೇಳಿದ. ಅಂಥಾಕಿ ಸುಳ್ಳ ಬರ್ಯಾಂಗಿಲ್ಲ. ಬರೂ ಸೋಮವಾರ ಆಕಿನ್ನ ಹುಕ್ಕೇರಿಗೆ ಕರಕೊಂಡ ಬರ್ರಿ, ನಾಕ ಮಂದಿ ಮುಂದ ಹೇಳ್ಲಿ. ಇಲ್ಲಂದ್ರ ಈ ಲಗ್ನ ಆಗೂದಿಲ್ರಿ."

ಅದೇ ಮಾತನ್ನು ನಿನಗೂ ಹೇಳಿ ಕಳಿಸಿದ್ದಾರೆ. ಅದಕ್ಕೇ ಸುಂದ್ರವ್ವನನ್ನು ಹುಡುಕಿಸು ಎಂದು ಬರೆದಿದ್ದೀ. ಹುಡುಕಿಸಿ ಫಲವಿಲ್ಲ. ಮಮದಾಪುರದಲ್ಲಿ ನಮ್ಮ ಪೈಕಿ ಮನೆಗಳೆಲ್ಲ ನನಗೆ ಗೊತ್ತು. ಅಂಥವಳು ಇಲ್ಲ.

ಆಕೆ ಬಂದ ದಿನ ನೀವಿಬ್ಬರೂ ಸಂತೆಗೆ ಹೋಗಿದ್ದಿರಿ, ಚಟ್ನಿ ಬ್ರೆಡ್ಡಿನ ಕಡೆ ಆಳು ಲಗಮಪ್ಪನೊಬ್ಬನೇ ಇದ್ದ, ಅವನಿಗೆ ಆಕೆಯ ಗುರುತಿಲ್ಲ ಎಂದಿದ್ದೀ. ಸೆರಗು ಹಣೆಯ ಕೆಳಗೆ ಎಳೆದುಕೊಂಡವಳ ಮುಖ ಯಾರಿಗೆ ಕಾಣುತ್ತದೆ? ತಾಟು ತೊಳೆದು ಕುಡಿದದ್ದೇ ಆಕೆಯ ತಪ್ಪು. ಅನ್ನ ಪ್ರಸಾದ, ಚೂರೂ ಚೆಲ್ಲಬಾರದು ಎಂದು ನಾವು ಮನೆಯಲ್ಲಿ ಹಾಗೆ ಮಾಡುತ್ತೇವೆ. ಗುರುತು ಮರೆಸಿಕೊಂಡು ಬಂದವಳು ಅಂಗಡಿಯಲ್ಲಿ ಮಾಡಬಹುದೇ? ಕೈ ತನ್ನ ರೂಢಿ ಬಿಡಲಿಲ್ಲ. "ಅವ್ವಾರ, ತಾಟ ತೊಳ್ಯಾಕ ನಾ ಅದೀನ್ರಿ, ನನ್ನ ಕೆಲಸಾ ಕಳೀಬ್ಯಾಡ್ರಿ!" ಎಂದ ಆ ಲಗಮಪ್ಪ. ಕೂತವರೆಲ್ಲ ನಕ್ಕರು. ಹಿರಿಯರ ಜೊತೆ ಹೇಗೆ ಮಾತಾಡಬೇಕೆಂದು ಅವನಿಗೆ ಕಲಿಸು.

ನೀನು ಅಂಗಡಿ ಮುಚ್ಚುವುದಿಲ್ಲ, ಬಲ್ಲೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಆದರೆ ಸುಂದ್ರವ್ವ ಸಿಗಲಿಲ್ಲವೆಂದರೆ ಆ ಶೇರಾ ನೀವೇ ಬರೆದುಕೊಂಡದ್ದು ಎನ್ನುತ್ತಾರೆ. ಅಕ್ಕವ್ವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ನನ್ನೆದುರು ಅಳುವುದೂ ಇಲ್ಲ.

ಸೋಮವಾರ ಮುಂಜಾನೆ ಹುಕ್ಕೇರಿಗೆ ಬಾ. ಶೇರಾ ವಹಿ ಮರೆಯದೆ ತಾ. ನಾನು ಅಲ್ಲಿರುತ್ತೇನೆ.

ನಿನ್ನ ತಾಯಿ,
ಕಾಶೆವ್ವ

ತಾ. ಕ.: ಸುಂದ್ರವ್ವ ನಾನೇ. ಬೀಗರು ಕೇಳಿದರೆ ಖರೆ ಹೇಳಬೇಕಲ್ಲ ಎಂದು ನೋಡಲು ಬಂದದ್ದು, ನಿನ್ನ ನೆನಪಾಗಿ ಅಲ್ಲ. ಆಡಿದ ಮಾತು ತಪ್ಪಿದವಳು, ಸುಳ್ಳು ಹೆಸರು ಬರೆದವಳು ಎಂದು ಉದ್ದಪ್ಪನವರು ನಾಲ್ಕು ಜನರ ಮುಂದೆ ನನ್ನನ್ನು ಅನ್ನಲಿ. ಅವರೆದುರೇ ಆ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆಯುತ್ತೇನೆ. ಚಟ್ನಿಗೆ ಉಪ್ಪು ಕಡಿಮೆ ಎಂದು ಬರೆದದ್ದನ್ನು ಮಾತ್ರ ಹೊಡೆಯುವುದಿಲ್ಲ.