ಐದು ಮನೆಯ ಕುಲಾವಿ

ಸೋಲಾಪುರ
೧೨ ಡಿಸೆಂಬರ್ ೧೯೩೪

ನನ್ನವ್ವನಿಗೆ, ಕಲ್ಯಾಣಮ್ಮ ಮಾಡುವ ಶರಣು.

ನಿನ್ನ ಮೊಣಕಾಲು ನೋವು ಹೇಗಿದೆ? ನಾಗಣಸೂರಿನ ಚಳಿಯಲ್ಲಿ ನಸುಕಿನಲ್ಲೇ ಎದ್ದು ಅಂಗಳ ಸಾರಿಸಬೇಡ ಎಂದರೆ ನೀನು ಕೇಳುವವಳಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಈ ಪತ್ರವನ್ನು ಅಕ್ಷರ ಕೂಡಿಸಿಕೊಂಡು ನೀನೇ ಓದು. ತಮ್ಮ ಕಲ್ಲಣ್ಣನ ಕೈಗೆ ಕೊಡಬೇಡ, ಅವನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ನನ್ನ ಮೊದಲಿನ ಎರಡು ಕೂಸುಗಳೂ ಮೂರು ತಿಂಗಳು ದಾಟಲಿಲ್ಲ. ಇವನಿಗೆ ಬರುವ ವಾರ ಮೂರು ತುಂಬುತ್ತದೆ. ಬೇಡಿ ಪಡೆದವನೆಂದು ಅತ್ತೆಯವರು ಭಿಕಾ ಎಂದು ಹೆಸರಿಟ್ಟಿದ್ದಾರೆ, ಮೈಮೇಲೆ ಹಾಕುವುದೂ ಬೇಡಿ ತಂದದ್ದೇ ಆಗಬೇಕು. “ಐದು ಮನಿ ಬೇಡ್ಕೊಂಡು ಬಾ. ಮಕ್ಕಳು ಉಳದ ಮನಿ ಇರಬೇಕು ನೋಡ” ಎಂದರು. ನಮ್ಮದೇ ಬಟ್ಟೆ ಅಂಗಡಿ, ನಾನು ಓಣಿಯಲ್ಲಿ ಸೆರಗೊಡ್ಡಿ ನಿಂತೆ! ಒಂದೊಂದು ಮನೆಯಲ್ಲಿ ಒಂದೊಂದು ಬಣ್ಣದ ಉಣ್ಣೆ ನೂಲು ಸಿಕ್ಕಿತು. ಯಾವುದೂ ಒಂದು ಕುಲಾವಿಗೆ ಸಾಲದು, ಹಾಗಾಗಿ ಪಟ್ಟಿಪಟ್ಟಿಯಾಗಿ ಹೆಣೆದೆ. ತಲೆಗೆ ಬಿಗಿಯಾಗಿ ಕೂರಲೆಂದು ಎರಡು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ ಹಾಕಿದೆ. ಆದರೆ ಬಣ್ಣ ಬದಲಿಸಿದಲ್ಲೆಲ್ಲ ಉಲ್ಟಾ ಬಿದ್ದ ಕಡೆ ಹಳೆಯ ಬಣ್ಣ ಚುಕ್ಕೆಚುಕ್ಕೆಯಾಗಿ ಇಣುಕುತ್ತಿತ್ತು. ಹೆಣಿಗೆ ಕಲಿಸಿದ ಪಕ್ಕದ ಮನೆಯ ಸೋನಾಬಾಯಿ ನಕ್ಕಳು. “ಎಲ್ಲಾದಕ್ಕೂ ಗಡಿಬಿಡಿ ನಿಂದು. ಹೊಸಾ ಬಣ್ಣದ ಮೊದಲ್ನೇ ಸಾಲು ಮುಂದಿನ ಮಗ್ಗಲಿಂದ ಪೂರಾ ಸೀದಾ ಹೆಣಿ, ಆಮ್ಯಾಲ ಎರಡೆರಡು ಹಿಡಿ” ಎಂದಳು. ಹಾಗೆ ಮಾಡಿದೆ. ಗೆರೆ ಎಳೆದ ಹಾಗೆ ಬಂತವ್ವಾ. ನೂಲಿನ ತುದಿಗಳನ್ನೆಲ್ಲ ಒಳಮಗ್ಗುಲಲ್ಲಿ ಸಿಕ್ಕಿಸಿ ಮುಚ್ಚಿದೆ.

ನಡುವಿನ ಹಸಿರು ನೂಲು ಕೊಟ್ಟವಳು ಹಿಂದಿನ ಓಣಿಯ ಚಂದ್ರಭಾಗಾ. ಕಟ್ಟುಮಸ್ತಾದ ಎರಡು ಗಂಡುಮಕ್ಕಳಿದ್ದಾರೆಂದೇ ಅವಳ ಮನೆಗೆ ಹೋಗಿದ್ದೆ. ನಿನ್ನೆ ಮಗುವನ್ನು ನೋಡಲು ಬಂದವಳು ಆ ಪಟ್ಟಿಯ ಮೇಲೆ ಬೆರಳಾಡಿಸಿ ಅತ್ತುಬಿಟ್ಟಳು. “ನಮ್ಮ ಸಣ್ಣಾಕೀದು ಉಣ್ಣಿ ಅಂಗಿ ಬಿಚ್ಚಿ ಕೊಟ್ಟೀನವ್ವಾ. ಪೆಟಗ್ಯಾಗ ಇಟ್ಟು ಏನ್ಮಾಡ್ಲಿ? ನಿನ್ನ ಕೂಸಿಗರ ಬೆಚ್ಚಗಾಗ್ಲಿ” ಎಂದಳು. ನಾನು ಈ ಮನೆಗೆ ಬರುವ ಮೊದಲೇ ಅವಳ ಮಗಳು ತೀರಿಹೋಗಿದ್ದಳಂತೆ. ನನಗೆ ಗೊತ್ತಿರಲಿಲ್ಲ.

ಅವಳು ಹೋದ ಕೂಡಲೇ ಕುಲಾವಿ ಕಿತ್ತು ತೆಗೆದೆ. ಮೇಲಿನ ಎರಡು ಪಟ್ಟಿ ಬಿಚ್ಚಿದರೆ ಹಸಿರು ಸಿಗುತ್ತದೆ, ಅರ್ಧ ತಾಸಿನ ಕೆಲಸ. ಆಗಲಿಲ್ಲ. ನನ್ನ ಎರಡು ಕೂಸುಗಳ ಅಂಗಿಗಳು ಈಗಲೂ ನನ್ನ ಪೆಟ್ಟಿಗೆಯ ತಳದಲ್ಲಿವೆ, ಯಾರಿಗೂ ಕೊಡಲು ಮನಸ್ಸು ಬಂದಿಲ್ಲ. ಅವಳು ಕೊಟ್ಟಳು. ಮತ್ತೆ ಮಗುವಿನ ತಲೆಗೆ ಹಾಕಿದೆ. ಹಾಕಿದಾಗಿನಿಂದ ಅವನು ಸೀನಿದರೂ ಓಡಿ ಹೋಗಿ ಹಣೆ ಮುಟ್ಟಿ ನೋಡುತ್ತೇನೆ. ತುಂಬ ಹೆದರಿಕೆಯಾಗಿದೆ, ಅವ್ವಾ. ಬಿಚ್ಚಲೋ ಬೇಡವೋ, ನೀನೇ ಹೇಳು.

ಅಪ್ಪನಿಗೆ ಶರಣು, ಕಲ್ಲಣ್ಣನಿಗೆ ಆಶೀರ್ವಾದ.

ನಿನ್ನ ಮಗಳು
ಕಲ್ಯಾಣಮ್ಮ

ತಾ.ಕ.: ಪತ್ರ ಮುಚ್ಚುವಷ್ಟರಲ್ಲಿ ಮಗುವಿನ ಮೈ ಬಿಸಿಯಾಗಿದೆ. ಅತ್ತೆಯವರು ಕುಲಾವಿ ಹಿಡಿದು, ಮಕ್ಕಳು ಉಳಿಯದ ಮನೆಯ ನೂಲು ಸೇರಿದೆಯೇನೋ ಎಂದು, ಯಾವ ಪಟ್ಟಿ ಯಾರ ಮನೆಯದೆಂದು ಒಂದೊಂದಾಗಿ ಕೇಳಿದರು. ಚಂದ್ರಭಾಗಾಳ ಹೆಸರು ಹೇಳಿದರೆ ಅವಳನ್ನು ಓಣಿಯಲ್ಲಿ ಯಾರೂ ಹೊಸ್ತಿಲು ತುಳಿಯಗೊಡುವುದಿಲ್ಲ. ಹಸಿರು ನೂಲು ನೀನು ಊರಲ್ಲಿ ಬೇಡಿ ಕಳಿಸಿದ್ದು ಎಂದುಬಿಟ್ಟೆ. ಪತ್ರ ಮುಟ್ಟಿದ ತಕ್ಷಣ ಹೊರಟು ಬಾ. ಆ ನೂಲಿಗೆ ಅತ್ತೆಯವರು ಬೈದರೆ ಬೈಸಿಕೋ, ಕೇಳಿದರೆ ಹೌದು ಎನ್ನು.