ಝಂಬೂರ ಗ್ರಹದ ಕೊನೆಯ ಹಾಳೆ

ಮೂರು ಚಂದ್ರರ ಝಂಬೂರ ಗ್ರಹವನ್ನು ಸೃಷ್ಟಿಸಿದ ಲೇಖಕರಿಗೆ ಹಟ್ಟಿಯ ಅತೀಯಾಳ ಸಲಾಂ.

ನಮ್ಮ ಯಜಮಾನರು ಹಫೀಜ್, ಚಿನ್ನದ ಗಣಿಗೆ ಇಳಿಯುವ ಮುನ್ನ ನಿಮ್ಮ ಕಾದಂಬರಿಯನ್ನು ಅರ್ಧಕ್ಕೇ ಮಡಚಿಡುತ್ತಾರೆ. “ಉಳಿದದ್ದು ಓದಾಕರ ಮ್ಯಾಲ ಬರಬೇಕಲ್ಲ” ಎನ್ನುತ್ತಾರೆ.

“ನನ್ನ ಮಾರಿ ನೋಡಾಕ ಬರಂಗಿಲ್ಲೇನ್ರೀ?”

“ನಿಂದು ದಿನಾ ಅದ ಕಥಿ ಬಿಡು.”

ನೀವೋ ಆರನೇ ಭಾಗಕ್ಕೆ ‘ಮುಗಿಯಿತು’ ಎಂದು ಬರೆದು ಕೈ ತೊಳೆದುಕೊಂಡಿರಿ. ಗ್ರಹವೇನೋ ಉಳಿಯಿತು, ಇವರಿಗೆ ಓದಲು ಏನೂ ಉಳಿಯದಿದ್ದರೆ ನನ್ನ ಸಂಸಾರದ ಗತಿ? ಅದಕ್ಕೇ ಕೊನೆಯ ಹಾಳೆ ಹರಿದು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಇವತ್ತು ಅದನ್ನು ಹುಡುಕಿ, ಸಿಗದೆ ಗೊಣಗುತ್ತಲೇ ಗಣಿಗೆ ಹೋದರು.

ಪಾಳಿ ಮುಗಿದ ಸೈರನ್ ಆಗಿ ಬಹಳ ಹೊತ್ತಾಯಿತು. ಅದೇ ಪಾಳಿಯ ಪಕ್ಕದ ಮನೆಯವರು ಬಂದರು, ಇವರಿನ್ನೂ ಬಂದಿಲ್ಲ.

ದಯವಿಟ್ಟು ಏಳನೇ ಭಾಗ ಬೇಗ ಬರೆಯಿರಿ. ಅಲ್ಲಿಯತನಕ ಹಾಳೆ ನನ್ನಲ್ಲೇ ಇರಲಿ. ನನ್ನನ್ನು ಬೈಯಲಿಕ್ಕಾದರೂ ಅವರು ಮೇಲೆ ಬರಲಿ.

ಬಾಗಿಲಲ್ಲೇ ಕೂತು ಬರೆದ,
ಅತೀಯಾ