ಅಕ್ಕ ಕಲಸಿದ ಕಾರ್ಡುಗಳು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ಆಟ. ಅಕ್ಕ ಮಂಚದ ಮೇಲೆ ಕೂತು ಭವಿಷ್ಯ ಹೇಳುವ ಟ್ಯಾರೋ ಕಾರ್ಡು ಕಲಸುವುದು, ನಾನು ಮೇಲಿನದನ್ನು ಎತ್ತುವುದು, ಚಿತ್ರ ನೋಡಿ ಇಲ್ಲಿ ನಾಲ್ಕು ಸಾಲು ಗೀಚುವುದು. ಅಕ್ಕನ ಹೊಟ್ಟೆನೋವಿನ ಚಿಂತೆಗೆ ನಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮೇಡಂ ಕೊಟ್ಟ ಮದ್ದು. “ದಿನಾ ಒಂದು ತೆಗೀರಿ, ಅನಿಸಿದ್ದು ಬರೀರಿ, ಮನಸ್ಸು ಹಗುರ ಆಗುತ್ತೆ” ಅಂದರು. ನಾನು ಕನ್ನಡಕದ ಗಾಜು ಉಜ್ಜುವವಳು. ನನ್ನ ಮನಸ್ಸಿನಲ್ಲಿ ಇರುವುದು ಗಾಜಿನ ಪುಡಿ.

ನಿನ್ನೆ ಮೊದಲ ದಿನವೇ ಟವರ್ ಬಂದಿತ್ತು. ಸಿಡಿಲು ಬಡಿದ ಗೋಪುರ, ತಲೆಕೆಳಗಾಗಿ ಬೀಳುವ ಇಬ್ಬರು. ಶುಭಾರಂಭ! “ಎಲ್ಲಾ ಬೊಗಳೆ” ಎಂದು ನಕ್ಕೆ. ಆದರೆ ಊಟ ಸೇರಲಿಲ್ಲ. ತಟ್ಟೆಯಲ್ಲಿ ಬಿಟ್ಟದ್ದನ್ನು ಅಕ್ಕ ನೋಡಿದಳು.

ಇವತ್ತು ಸನ್. ಬಿಳಿ ಕುದುರೆ ಮೇಲೆ ಮಗು, ಹಿಂದೆ ದೊಡ್ಡ ಸೂರ್ಯ. “ನೋಡು, ನಾನು ಹೇಳ್ಲಿಲ್ವಾ” ಎಂದು ಅಕ್ಕ ಬೀಗಿದಳು, ತಾನೇ ಸೂರ್ಯನನ್ನು ಹೆತ್ತವಳ ಹಾಗೆ.

ಮಾರ್ಚ್ 9

ಮೊನ್ನೆ ಸ್ಟಾರ್. ಇವತ್ತು ಬಟ್ಟಲು ಎತ್ತಿ ಕುಣಿಯುವ ಮೂವರು ಹುಡುಗಿಯರು. ಕೆಟ್ಟ ಕಾರ್ಡೇ ಇಲ್ಲ!

“ನಿನ್ನ ಕೈಗುಣ ಅಕ್ಕ. ಒಂದು ಅಂಗಡಿ ಇಡು, ಬೋರ್ಡು ನಾನು ಬರೀತೀನಿ.”

ಅವಳ ಮುಂದೆ ಹೀಗೆ ಗೇಲಿ. ಒಳಗೊಳಗೇ ನಂಬತೊಡಗಿದ್ದೇನೆ. ನಾಚಿಕೆಗೇಡು, ಆದರೂ ನಿಜ. ಮೆಷಿನ್ನಿಗೆ ಗಾಜು ಕೊಡುವಾಗಲೂ ಬೆಳಗಿನ ಕಾರ್ಡೇ ಕಣ್ಣ ಮುಂದೆ. ಅಕ್ಕ ಹುಷಾರಾಗುತ್ತಾಳೆ ಅಂತ ಅದು ಹೇಳುತ್ತಿದೆ ಅನಿಸುತ್ತದೆ.

ಹೊಟ್ಟೆನೋವು ಹೇಗಿದೆ ಎಂದರೆ “ಪರವಾಗಿಲ್ಲ ಕಣೇ.” ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಬೇಡ ಅಂದರೆ ಕೇಳುವ ಜಾತಿಯಲ್ಲ.

ಮಾರ್ಚ್ 16, ಸಂಜೆ

ಡಾಕ್ಟರು ಅಕ್ಕನ ಹೊಟ್ಟೆಯ ಸ್ಕ್ಯಾನ್ ನೋಡಿದರು.

“ಗಡ್ಡೆ ಚಿಕ್ಕದಿದೆ. ಈ ವಾರವೇ ಆಪರೇಷನ್ ಮಾಡ್ಬಹುದು. ಇಲ್ಲಾ ಸ್ವಲ್ಪ ದಿನ ಕಾದು ಇನ್ನೊಂದು ಸ್ಕ್ಯಾನ್ ನೋಡೋಣ. ನೋವು ಜಾಸ್ತಿ ಆಗ್ತಿದ್ರೆ ಮಾತ್ರ ಕಾಯೋದು ಬೇಡ.”

“ಜಾಸ್ತಿ ಏನಿಲ್ಲ ಡಾಕ್ಟ್ರೇ” ಅಂದಳು ಅಕ್ಕ. ನನ್ನ ಕಡೆ ತಿರುಗಿ, “ಇವಳು ಹೇಳಿದ ಹಾಗೆ ಮಾಡೋಣ.”

ಜೀವಮಾನವೆಲ್ಲ ಕತ್ತರಿ ಹಿಡಿದವಳು, ತನ್ನ ಮೈಗೆ ಚಾಕು ಅಂದರೆ ನಡುಗುತ್ತಾಳೆ. ಬೆಳಿಗ್ಗೆ ಬಂದ ಕಾರ್ಡು — ಗೆದ್ದು, ಹಾರ ಹಾಕಿಸಿಕೊಂಡು ಬರುವ ಸವಾರ.

“ಕಾಯೋಣ ಡಾಕ್ಟ್ರೇ” ಎಂದೆ. ನಾನೇ. ಕಾರ್ಡಿನ ವಿಷಯ ಯಾರಿಗೂ ಹೇಳಲಿಲ್ಲ.

ಮಾರ್ಚ್ 30

ಮತ್ತೆ ಸನ್. ಅಕ್ಕ ಮಧ್ಯಾಹ್ನವೂ ಅರ್ಧ ಊಟಕ್ಕೇ ಎದ್ದಳು. “ಹೊಟ್ಟೆ ತುಂಬ್ತು.” ಇರಬಹುದು... ಸನ್ ಬಂದಿದೆಯಲ್ಲ.

ಏಪ್ರಿಲ್ 21

ಅಕ್ಕ ಬಚ್ಚಲಲ್ಲಿ ಕುಸಿದು ಬಿದ್ದಳು. ಆಸ್ಪತ್ರೆಗೆ ಸೇರಿಸಿದೆ. ಕ್ಯಾನ್ಸರಂತೆ, ಹರಡಿದೆಯಂತೆ. ಲಿವರ್‌ಗೂ.

“ಈಗ ತೆಗೆಯೋಕೆ ಬರಲ್ಲ. ನೋವಿಲ್ಲದ ಹಾಗೆ ನೋಡ್ಕೋಬಹುದು, ಅಷ್ಟೇ.”

“ಆವಾಗ್ಲೇ ಮಾಡಿಸಿದ್ದಿದ್ರೆ?”

ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. “ಅದನ್ನೆಲ್ಲ ಈಗ ಯೋಚಿಸ್ಬೇಡಿ.”

ಉಳಿಯುತ್ತಿದ್ದಳು ಅಂತ ಅರ್ಥ. ನನಗೆ ಅರ್ಥವಾಯಿತು.

ಏಪ್ರಿಲ್ 22

ಆಸ್ಪತ್ರೆಯ ದಿಂಬು ಚುಚ್ಚುತ್ತದೆ, ನನ್ನದೇ ತಾ ಅಂದಳು. ಮನೆಗೆ ಬಂದು ಎತ್ತಿಕೊಂಡರೆ ಒಳಗೆ ಏನೋ ಗಟ್ಟಿ. ಒಂದು ಬದಿ ಕೈಹೊಲಿಗೆ, ಸಣ್ಣ ಸಣ್ಣ, ಅಕ್ಕನದೇ. ಬಿಚ್ಚಿದೆ.

ಕಾರ್ಡುಗಳು. ಟವರ್. ಡೆತ್. ಎದೆಗೆ ಮೂರು ಕತ್ತಿ ನೆಟ್ಟದ್ದು. ಬೆನ್ನ ತುಂಬ ಕತ್ತಿ ನೆಟ್ಟು ಬೋರಲು ಬಿದ್ದವನು. ಹೆದರಿಸುವುದನ್ನೆಲ್ಲ ಆರಿಸಿ ಆರಿಸಿ ಒಳಗೆ ಹಾಕಿ ಹೊಲಿದಿದ್ದಾಳೆ. ಅದರ ಮೇಲೆಯೇ ಇಷ್ಟು ದಿನ ತಲೆಯಿಟ್ಟು ಮಲಗಿದ್ದಾಳೆ.

ಕಾರ್ಡಿನ ಕಟ್ಟು ತೆಳ್ಳಗಾದದ್ದು ನನಗೆ ಕಾಣಲೇ ಇಲ್ಲ. ಊರವರ ಕಣ್ಣಿಗೆಲ್ಲ ಗಾಜು ಕೂರಿಸುವವಳು ನಾನು. ದೀಪದ ಬುಡದಲ್ಲೇ ಕತ್ತಲೆ. ನೆಲದ ಮೇಲೆ ಕೂತು ಅತ್ತೆ.

ಏಪ್ರಿಲ್ 23

ಕೇಳಬಾರದಿತ್ತು. ಕೇಳಿದೆ.

“ಟವರ್ ಬಂದ ದಿನ ಊಟ ಬಿಟ್ಟೆಯಲ್ಲ” ಅಂದಳು. “ನಿನ್ನ ಮುಖ ನೋಡೋಕಾಗ್ಲಿಲ್ಲ. ಅದಕ್ಕೇ ತೆಗ್ದೆ.”

“ನಾನು ಅದನ್ನ ನಂಬಿದೆ ಅಕ್ಕ. ನಂಬಿಯೇ ಕಾಯೋಣ ಅಂದೆ.”

“ನೀನಾ? ದಿನಾ ಆಡ್ಕೊಂಡು ನಗ್ತಿದ್ದೆ... ನಂಬ್ತೀಯ ಅಂತ ನಂಗೇನು ಗೊತ್ತು?”

“ನೋವು ಜಾಸ್ತಿ ಇತ್ತಾ ಆಗ?”

“ಇತ್ತು.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ನೀನು ಕಾರ್ಡು ನೋಡಿ ಖುಷಿಯಾಗಿ ಕೆಲಸಕ್ಕೆ ಹೋಗ್ತಿದ್ದೆ. ಅದನ್ನ ಹೇಗೆ ಕೆಡಿಸ್ಲಿ ಹೇಳು.”

ಸಿಟ್ಟು ಬರಬೇಕಿತ್ತು. ಯಾರ ಮೇಲೆ ಮಾಡಿಕೊಳ್ಳಲಿ? ಒಬ್ಬರನ್ನೊಬ್ಬರು ನಗಿಸಲು ಹೋಗಿ ಇಬ್ಬರೂ ಮುಳುಗಿದೆವು. ಬೆಳಗಾಗುವುದೇ ಬೇಡ ಅನಿಸುತ್ತದೆ.

ಮೇ 2, ಮಧ್ಯಾಹ್ನ, ವಾರ್ಡಿನಲ್ಲಿ

ಕಾರ್ಡು ತಂದಿದ್ದೀಯಾ ಎಂದು ಕೇಳಿದಳು. ತಂದಿದ್ದೆ, ದಿಂಬಿನೊಳಗಿನ ಕತ್ತಿಗಳನ್ನೂ ಸೇರಿಸಿ. ಈ ಸಲ ನಾನೇ ಕಲಸಿದೆ. ಎತ್ತಲು ಹೋದರೆ ಕಟ್ಟಿನ ಮೇಲೆ ಕೈಯಿಟ್ಟಳು.

“ಅದು ಬೇಡ. ನನ್ನನ್ನೇ ನೋಡಿ ಬರಿ. ಹೇಗಿದ್ದೀನೋ ಹಾಗೆ.”

ಬರೆಯುತ್ತಿದ್ದೇನೆ. ತುಟಿ ಒಡೆದಿದೆ. ಕಣ್ಣಿನ ಬಿಳಿ ಹಳದಿಯಾಗಿದೆ. ತೋರುಬೆರಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ನೋವಿದೆಯಾ ಅಕ್ಕ ಎಂದೆ. “ಇದೆ ಕಣೇ” ಅಂದಳು. ಅಂದೇಬಿಟ್ಟಳು. ಬೆಲ್ ಒತ್ತಿದ್ದೇನೆ. ನರ್ಸ್ ಇಂಜೆಕ್ಷನ್ ತರಲು ಹೋಗಿದ್ದಾರೆ. ಬರೆಯುವುದನ್ನು ನಿಲ್ಲಿಸಿದರೆ ಬೆರಳಲ್ಲೇ ಸನ್ನೆ ಮಾಡುತ್ತಾಳೆ, ಬರಿ ಅಂತ. ನನ್ನ ಎಡಗೈ ಹಿಡಿದಿದ್ದಾಳೆ, ಬಿಗಿಯಾಗಿ. ಅಕ್ಕನ ಉಸಿರು ಬಂತು. ನಿಂತಿತು. ಬಂತು. ಹಿಡಿತ ಸಡಿಲವಾಯಿತು. ನರ್ಸ್ ಇನ್ನೂ ಬಂದಿಲ್ಲ. ಉಸಿರು ನಿಂತಿತು. ಕಾಯುತ್ತಿದ್ದೇನೆ. ಇನ್ನೂ